ಮಾರುತಿ 800 ಬೇಕಾ, ಸ್ಯಾಂಟ್ರೊ ಬೇಕಾ? ಕಲಬುರಗಿಯಲ್ಲಿ ಹಳೇ ಸಣ್ಣ ಕಾರು ಕೊಳ್ಳುವವರಿಗೆ

ಒಂದು ಲಕ್ಷದ ಆಸುಪಾಸಿನಲ್ಲಿ ಮನೆಗೊಂದು ಕಾರು ಹುಡುಕುವವರು ನಮ್ಮ ಕಡೆ ತಿರುಗಾಡಿ ತಿರುಗಾಡಿ ಕೊನೆಗೆ ಬಂದು ನಿಲ್ಲುವುದು ಎರಡು ಗಾಡಿಗಳ ಮುಂದೆ. ಒಂದು ಮಾರುತಿ 800. ಇನ್ನೊಂದು ಹುಂಡೈ ಸ್ಯಾಂಟ್ರೊ. ಹೊಸ 800 ಈಗ ಸಿಗುವುದಿಲ್ಲ, ಹಳೇ ಸ್ಯಾಂಟ್ರೊ ಕೂಡ ತಯಾರಾಗುವುದಿಲ್ಲ. ಆದರೂ ಸೂಪರ್ ಮಾರ್ಕೆಟ್ ಹತ್ತಿರ ಹತ್ತು ನಿಮಿಷ ನಿಂತರೆ ಎರಡೂ ಕಣ್ಣಿಗೆ ಬೀಳುತ್ತವೆ. ಅಂದಮೇಲೆ ಇವುಗಳಲ್ಲಿ ಇನ್ನೂ ಜೀವ ಇದೆ, ಬಿಡಿಭಾಗವೂ ಸಿಗುತ್ತಿದೆ ಎಂದಾಯಿತು.

ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಎರಡೂ ಬೇರೆ ಬೇರೆ ಕಾಲದ ಕಾರುಗಳು. ಒಂದು ಕಾರಿಗೆ ಒಗ್ಗುವ ಮನೆ ಇನ್ನೊಂದಕ್ಕೆ ಒಗ್ಗುವುದಿಲ್ಲ.

800 ರಸ್ತೆಗೆ ಬಂದದ್ದು 1983ರ ಡಿಸೆಂಬರ್ 14ರಂದು. ಮೊದಲ ಕಾರಿನ ಕೀ ಕೊಟ್ಟವರು ಆಗಿನ ಪ್ರಧಾನಿ ಇಂದಿರಾ ಗಾಂಧಿ. ಅಂಬಾಸಿಡರ್, ಪದ್ಮಿನಿ ಬಿಟ್ಟರೆ ಬೇರೆ ಕಾರೇ ಇಲ್ಲ ಅನ್ನುವಂಥ ಕಾಲ ಅದು. ಸ್ಯಾಂಟ್ರೊ ಬಂದದ್ದು 1998ರಲ್ಲಿ, ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಕಾರ್ಖಾನೆಯಿಂದ. ಅಷ್ಟರಲ್ಲಿ ದೇಶದ ಮಾರುಕಟ್ಟೆ ತೆರೆದುಕೊಂಡಿತ್ತು, ಜನರಿಗೆ ಆಯ್ಕೆ ಮಾಡಿ ಕೊಳ್ಳುವ ಅಭ್ಯಾಸ ಶುರುವಾಗಿತ್ತು. ನಡುವಿನ ಈ 15 ವರ್ಷದ ಅಂತರ ಕಾರಿನೊಳಗೆ ಕೂತ ಕೂಡಲೇ ಗೊತ್ತಾಗುತ್ತದೆ. 800ರಲ್ಲಿ ಕಾಲು ಚಾಚಿ ತಗ್ಗಿನಲ್ಲಿ ಕೂರುತ್ತೀರಿ. ಸ್ಯಾಂಟ್ರೊದಲ್ಲಿ ಕುರ್ಚಿಯ ಮೇಲೆ ಕೂತ ಹಾಗೆ ಎತ್ತರದಲ್ಲಿ ಕೂರುತ್ತೀರಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಎರಡು ಕಾರು ಅಂದೆ, ಆದರೆ ನಿಜಕ್ಕೂ ನಿಮ್ಮ ಮುಂದಿರುವುದು ಮೂರು. ಕಾರ್ಬುರೇಟರ್ ಇರುವ ಹಳೇ 800, 2000ದ ಹೊತ್ತಿಗೆ ಬಂದ ಎಂಪಿಎಫ್‌ಐ 800, ಮತ್ತು ಸ್ಯಾಂಟ್ರೊ. ಎಂಜಿನ್‌ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಹಳೇ ಸಾಧನ ಕಾರ್ಬುರೇಟರ್. ಗಾಡಿಯೊಳಗಿನ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಹೊಸ ಪದ್ಧತಿ ಎಂಪಿಎಫ್‌ಐ. ಹೊರಗಿನಿಂದ ಎರಡೂ 800 ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಓಡಿಸುವಾಗ, ರಿಪೇರಿ ಮಾಡಿಸುವಾಗ ಎರಡೂ ಬೇರೆಯೇ. ಸ್ಯಾಂಟ್ರೊದಲ್ಲಿ ಕಾರ್ಬುರೇಟರ್ ಗೊಡವೆಯೇ ಇಲ್ಲ, ಶುರುವಿನಿಂದಲೂ ಎಂಪಿಎಫ್‌ಐ. 1998ರ ಮೊದಲ ಗಾಡಿಗಳಲ್ಲಿ 999 ಸಿಸಿ ಎಂಜಿನ್ ಇತ್ತು. 2003ರಲ್ಲಿ ಬಂದ ಸ್ಯಾಂಟ್ರೊ ಝಿಂಗ್‌ನಲ್ಲಿ 1086 ಸಿಸಿ ಎಂಜಿನ್ ಬಂತು. ಈಗ ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಝಿಂಗ್ ಗಾಡಿಗಳೇ, ಹಾಗಾಗಿ ಮುಂದೆ ಸ್ಯಾಂಟ್ರೊ ಅಂದರೆ ಅದನ್ನೇ ಅಂದುಕೊಳ್ಳಿ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ನಮ್ಮ ಜಿಲ್ಲೆಗೆ ಹೊಂದುವ ಅಳತೆಗಳು ಬೆಂಗಳೂರಿನ ಅಳತೆಗಳಲ್ಲ. ಮೊದಲನೆಯದು ಬಿಸಿಲು. ಆಮೇಲೆ ರಿಪೇರಿ: ಆಳಂದದಲ್ಲೋ ಅಫಜಲಪುರದಲ್ಲೋ ಗಾಡಿ ನಿಂತರೆ ಅಲ್ಲಿನ ಮಿಸ್ತ್ರಿ ಕೈಯಲ್ಲಿ ಅದು ಚಾಲೂ ಆಗಬೇಕು. ಮೂರನೆಯದು ಒಳಗೆ ಕೂರುವವರು ಯಾರು, ಎಷ್ಟು ಜನ ಅನ್ನುವುದು. ನಾಲ್ಕನೆಯದು ತಿಂಗಳ ಖರ್ಚು. ಕೊನೆಯದು ಕಾಗದ ಪತ್ರ. ಹಲವರು ಇದನ್ನು ಕೊನೆಗೆ ನೋಡಿ ಪೇಚಾಡುತ್ತಾರೆ.

ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಸಾಮಾನ್ಯ. ಮಧ್ಯಾಹ್ನ ಎರಡು ಗಂಟೆಗೆ ಜೇವರ್ಗಿ ರಸ್ತೆಯಲ್ಲಿ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಒಂದು ಅಳತೆಯಲ್ಲಿ ಕಾರ್ಬುರೇಟರ್ 800 ತುಂಬಾ ಹಿಂದೆ ಬೀಳುತ್ತದೆ.

ಕಾರಣ ಸರಳ. ಅದರ ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿದೆ. ಎಂಜಿನ್ ಕಾದರೆ ಪಂಪ್ ಕೂಡ ಕಾಯುತ್ತದೆ. ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ, ಆವಿಯನ್ನು ಎಳೆಯಲು ಪಂಪ್‌ಗೆ ಆಗುವುದಿಲ್ಲ. ಗಾಡಿ ಎರಡು ಸಲ ಜರ್ಕ್ ಹೊಡೆದು ನಿಂತುಬಿಡುತ್ತದೆ. ಬಾನೆಟ್ ಎತ್ತಿ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ, ಕಾಲು ಗಂಟೆ ಬೇವಿನ ನೆರಳಲ್ಲಿ ನಿಂತರೆ ಮತ್ತೆ ಚಾಲೂ ಆಗುತ್ತದೆ. ಒಬ್ಬರೇ ಇದ್ದರೆ ಪರವಾಗಿಲ್ಲ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ತಾಯಿ ಕೂತಿದ್ದರೆ?

ಎಂಪಿಎಫ್‌ಐ ಗಾಡಿಯಲ್ಲಿ ಎಲೆಕ್ಟ್ರಿಕ್ ಪಂಪ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಹಾಗಾಗಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಅಲ್ಲಿಂದ ಮುಂದಿನ ಪ್ರಶ್ನೆ ಎಸಿಯದು. 800ರಲ್ಲಿ ಎಸಿ ಇರುವ ಮಾದರಿ ಇತ್ತು. ತಂಪು ಮಾಡುತ್ತದೆ, ಇಲ್ಲ ಅನ್ನಲಾರೆ. ಆದರೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅದು. ಎಸಿ ಹಾಕಿ ನಾಲ್ಕು ಜನ ಕೂತರೆ ಪಿಕಪ್ ಬಿದ್ದುಹೋಗುತ್ತದೆ. ಓವರ್‌ಟೇಕ್ ಮಾಡುವಾಗ ಎಸಿ ಬಂದ್ ಮಾಡುವ ಅಭ್ಯಾಸ 800 ಓಡಿಸಿದ ಎಲ್ಲರಿಗೂ ಇರುತ್ತದೆ. ಸ್ಯಾಂಟ್ರೊದ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಎಸಿ ಅಷ್ಟು ಭಾರ ಅನ್ನಿಸುವುದಿಲ್ಲ. ಬಿಸಿಲಿನಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಓಡಾಡುವ ಮನೆಗೆ ಈ ಒಂದು ವಿಷಯವೇ ನಿರ್ಧಾರ ಮಾಡಿಬಿಡಬಹುದು.

ಎರಡಕ್ಕೂ ಸೇರಿದ ಒಂದು ಮಾತು ಇದೆ. ನೀವು ನೋಡಲು ಹೋದ ಗಾಡಿಯ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ನಮ್ಮದು ಶಹಾಬಾದ್ ಕಲ್ಲಿನ, ಸುಣ್ಣದ ಕಲ್ಲಿನ ನೆಲ. ಬೋರ್‌ವೆಲ್ ನೀರು ಗಡಸು. ಕೂಲೆಂಟ್ ಹಾಕದೆ ಬರೀ ಬೋರ್ ನೀರು ಸುರಿದು ಓಡಿಸಿದ ಗಾಡಿಯ ರೇಡಿಯೇಟರ್ ಬಾಯಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಬರುತ್ತದೆ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಗಾಡಿಯ ಒಳಗಿನ ದಾರಿಗಳೂ ಅರ್ಧ ಮುಚ್ಚಿರುತ್ತವೆ. ಅದು ಮುಂದಿನ ಬೇಸಿಗೆಯಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಗೂ ಮೈಗೂ ನಡುವಿನ ಸೀಲು) ಸುಡಲಿದೆ ಎಂದೇ ತಿಳಿಯಿರಿ.

ಇದರ ಜೊತೆಗೇ ಬರುವ ಇನ್ನೊಂದು ಚಾಳಿ ಇದೆ. "ಥರ್ಮೋಸ್ಟಾಟ್ ತಗದ್ ಬಿಟ್ಟೀನ್ರಿ ಸರ್, ಇನ್ನ ಹೀಟ್ ಆಗಂಗಿಲ್ಲ" ಅಂತ ಮಿಸ್ತ್ರಿಗಳು ಖುಷಿಯಿಂದ ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್ ಕಡೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದ ಎಂಪಿಎಫ್‌ಐ ಎಂಜಿನ್ ಬೆಳಿಗ್ಗೆ ಬಿಸಿಯಾಗಲು ತುಂಬಾ ಹೊತ್ತು ತಗೊಳ್ಳುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಹೋಯಿತು. ಮೂಲ ಕಾಯಿಲೆ ಹಾಗೇ ಉಳಿಯಿತು. ಕೊಳ್ಳುವಾಗ ಇದನ್ನು ಕೇಳಿ, ತೆಗೆದಿದ್ದರೆ ಹಾಕಿಸಿ.

ರಿಪೇರಿ ಮತ್ತು ಬಿಡಿಭಾಗ

ಇಲ್ಲಿ 800ರದೇ ಮೇಲುಗೈ. ದೇಶದಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಮಾರಾಟವಾದ ಗಾಡಿ ಅದು. ಅದೇ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೂ ತಯಾರಾಗುತ್ತಿತ್ತು. ಹಾಗಾಗಿ ಕ್ಲಚ್ ಪ್ಲೇಟ್, ಗ್ಯಾಸ್ಕೆಟ್, ವಾಟರ್ ಪಂಪ್‌ಗೆ ಅಲೆಯಬೇಕಿಲ್ಲ. ಚಿಂಚೋಳಿಯಲ್ಲಾಗಲಿ ಶಹಾಪುರದಲ್ಲಾಗಲಿ ಇದನ್ನು ಬಿಚ್ಚಿ ಕೂಡಿಸಲು ಬಾರದ ಮಿಸ್ತ್ರಿ ಸಿಗುವುದು ಕಷ್ಟ.

ಸ್ಯಾಂಟ್ರೊಗೆ ಕಲಬುರಗಿ, ಬೀದರ್‌ನಂಥ ಊರಲ್ಲಿ ತೊಂದರೆಯಿಲ್ಲ. ಐ10 ಗಾಡಿಯ 1.1 ಎಂಜಿನ್ ಇದೇ ಕುಟುಂಬದ್ದು, ಅದನ್ನು ಬಲ್ಲವರು ಇದನ್ನೂ ಬಲ್ಲರು. ಆದರೆ ಸಣ್ಣ ಊರಿನಲ್ಲಿ ಸೆನ್ಸರ್ ಕೈಕೊಟ್ಟರೆ ದೋಷ ಓದಿ ಹೇಳುವ ಸ್ಕ್ಯಾನರ್ ಇರುವ ಗ್ಯಾರೇಜ್ ತನಕ ಎಳೆದುಕೊಂಡು ಬರಬೇಕು. ಇದರಲ್ಲಿ ಕೆಡಬಹುದಾದ ಸಾಮಾನು ಕೂಡ ಜಾಸ್ತಿ. ಪವರ್ ಸ್ಟೀರಿಂಗ್ ಇದ್ದರೆ ಅದರ ಎಣ್ಣೆ ಸೋರುತ್ತದೆ. ಮುಂದಿನ ಸಸ್ಪೆನ್ಷನ್ ಬುಶ್‌ಗಳು ನಮ್ಮ ಹಳ್ಳಿ ರಸ್ತೆಗೆ ಸವೆದು ಟಕ್ ಟಕ್ ಅನ್ನುತ್ತವೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕೊಳೆ ಕೂತರೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಸದ್ದು ಏರಿಳಿಯುತ್ತದೆ, ಕೆಲವೊಮ್ಮೆ ಬಂದ್ ಬೀಳುತ್ತದೆ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರ್ ಬೇಗ ಬೇಗ ಬದಲಿಸದಿದ್ದರೆ ಈ ತೊಂದರೆ ಇನ್ನೂ ಬೇಗ ಬರುತ್ತದೆ.

ಎರಡೂ ಎಂಜಿನ್‌ಗಳಿಗೆ ಟೈಮಿಂಗ್ ಬೆಲ್ಟ್ ಇದೆ, ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ರಬ್ಬರ್ ಪಟ್ಟಿ ಅದು. ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು, ಕೊಂಡ ಮೊದಲ ವಾರದಲ್ಲೇ ಹೊಸದು ಹಾಕಿಸಿ. ಓಡುವಾಗ ಅದು ಕಡಿದರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ವಾಲ್ವ್‌ಗೂ ಪೆಟ್ಟು ಬೀಳಬಹುದು.

ಪೆಟ್ರೋಲ್ ಬಗ್ಗೆಯೂ ಎರಡು ಮಾತು. ಈಗ ಬಂಕ್‌ನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಈ ಎರಡೂ ಕಾರು ಅದಕ್ಕಾಗಿ ಮಾಡಿದವಲ್ಲ. ಹಳೇ ರಬ್ಬರ್ ಪೈಪು, ಸೀಲು ಮೆತ್ತಗಾಗಿ ಬಿರಿಯುತ್ತವೆ. ಎಂಪಿಎಫ್‌ಐ ಗಾಡಿಯಲ್ಲಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸರಿಯಿದ್ದರೆ ಕಂಪ್ಯೂಟರ್ ಪೆಟ್ರೋಲ್ ಪ್ರಮಾಣವನ್ನು ಅಷ್ಟಿಷ್ಟು ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರ್‌ಗೆ ಆ ಬುದ್ಧಿಯಿಲ್ಲ. ಜೊತೆಗೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗೆ ಇದು ಕಾಟ. ಯಾವ ಕಾರು ಕೊಂಡರೂ ಪೆಟ್ರೋಲ್ ಪೈಪುಗಳನ್ನು ಹೊಸದು ಹಾಕಿಸಿ. ದೊಡ್ಡ ಖರ್ಚೇನಲ್ಲ, ಬೆಂಕಿಯ ಭಯ ತಪ್ಪುತ್ತದೆ.

ಕೂರುವವರು, ರಸ್ತೆ, ಸುರಕ್ಷತೆ

ಮೊಣಕಾಲು ನೋವಿರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಎರಡೂ ಕಾರಿಗೆ ಹತ್ತಿಸಿ ಇಳಿಸಿ ನೋಡಿ. 800ರಲ್ಲಿ ಬಗ್ಗಿ, ತಲೆ ತಗ್ಗಿಸಿ, ಕೆಳಕ್ಕೆ ಕೂರಬೇಕು. ಏಳುವಾಗ ಯಾರಾದರೂ ಕೈ ಕೊಡಬೇಕು. ಸ್ಯಾಂಟ್ರೊದ ಸೀಟು ಸೊಂಟದ ಮಟ್ಟಕ್ಕೆ ಹತ್ತಿರ ಇರುವುದರಿಂದ ಪಕ್ಕಕ್ಕೆ ಸರಿದು ಕೂತರೆ ಆಯಿತು. ರುಮಾಲು ಸುತ್ತಿದ ಅಜ್ಜನೂ ತಲೆ ತಾಗಿಸಿಕೊಳ್ಳದೆ ಕೂರುತ್ತಾನೆ. ಗಾಣಗಾಪುರಕ್ಕೆ ಹುಣ್ಣಿಮೆಗೆ ಹೋಗಿ ಬರುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಡಿಕ್ಕಿಯ ಜಾಗ ಎರಡರಲ್ಲೂ ಅಷ್ಟಕ್ಕಷ್ಟೇ. ಹಿಂದಿನ ಸೀಟು ಮಡಚಿದರೆ ಸ್ಯಾಂಟ್ರೊದಲ್ಲಿ ಎತ್ತರದ ಸಾಮಾನು ಹಿಡಿಸುತ್ತದೆ.

ಊರೊಳಗಿನ ಓಡಾಟಕ್ಕೆ 800 ಬಲು ಹಗುರ. ಸುಮಾರು 650 ಕಿಲೋ ತೂಕ, ಪುಟ್ಟ ಮೈ. ದರ್ಗಾ ಹತ್ತಿರದ ಗಲ್ಲಿಗಳಲ್ಲಿ, ಹಳೇ ಬಜಾರಿನಲ್ಲಿ ಸೈಕಲ್ ತಿರುಗಿಸಿದಷ್ಟು ಸಲೀಸು. ಪವರ್ ಸ್ಟೀರಿಂಗ್ ಇಲ್ಲದಿದ್ದರೂ ಕೈ ನೋಯುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಗೊತ್ತಿಲ್ಲ. ಹೆದ್ದಾರಿಗೆ ಬಂದಾಗ ಅದೇ ಹಗುರತನ ಮುಳುವಾಗುತ್ತದೆ. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದರೆ, ಎದುರಿನಿಂದ ಬಂದ ಬಸ್ಸು ಪಕ್ಕದಲ್ಲಿ ಹಾದುಹೋಗುವಾಗ 800 ಅಲುಗುವುದು ಸ್ಟೀರಿಂಗ್‌ನಲ್ಲೇ ತಿಳಿಯುತ್ತದೆ. ಅದರ ಚಕ್ರ 12 ಇಂಚಿನದು, ಗುಂಡಿಗೆ ಬಿದ್ದರೆ ಪೂರ್ತಿ ಇಳಿದು ಏಳುತ್ತದೆ. ಸ್ಯಾಂಟ್ರೊಗೆ 13 ಇಂಚು, ಮೈ ತೂಕವೂ ಜಾಸ್ತಿ. 80ರ ವೇಗದಲ್ಲಿ ಅದು ನೆಮ್ಮದಿಯಿಂದ ಓಡುತ್ತದೆ.

ಸುರಕ್ಷತೆಯ ವಿಷಯದಲ್ಲಿ ಎರಡನ್ನೂ ಹೊಗಳಲಾರೆ. ಇವಕ್ಕಿಂತ ಹೊಸದಾದ ಆಲ್ಟೊ 800 ಮತ್ತು ಐ10 ಗಾಡಿಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೇ 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕ್ರ್ಯಾಶ್ ಪರೀಕ್ಷೆಯಲ್ಲಿ ಸೊನ್ನೆ ಸ್ಟಾರ್ ಬಂತು. ಅಂದಮೇಲೆ ಇವುಗಳ ಪಾಡು ಊಹಿಸಿಕೊಳ್ಳಿ. ವಾರಕ್ಕೊಮ್ಮೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವ ಕೆಲಸ ಇದ್ದರೆ, ದಯವಿಟ್ಟು ಈ ಎರಡನ್ನೂ ಬಿಟ್ಟು, ಇನ್ನಷ್ಟು ದುಡ್ಡು ಕೂಡಿಸಿ, ಏರ್‌ಬ್ಯಾಗ್ ಮತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿ ನೋಡಿ. ಊರೊಳಗೆ, ತಾಲ್ಲೂಕಿಗೆ, ಹೊಲಕ್ಕೆ ಅಂದರೆ ಸರಿ. ಆಗಲೂ ಬೆಲ್ಟ್ ಕಟ್ಟಿಕೊಳ್ಳಿ, ಹಿಂದಿನವರಿಗೂ ಕಟ್ಟಿಸಿ.

ತಿಂಗಳ ಖರ್ಚು

ಸ್ಥಿತಿ ಚೆನ್ನಾಗಿರುವ 800 ಊರೊಳಗೆ ಲೀಟರ್‌ಗೆ ಸುಮಾರು 15 ಕಿಲೋಮೀಟರ್ ಕೊಟ್ಟರೆ, ಎಸಿ ಹಾಕಿದ ಸ್ಯಾಂಟ್ರೊ 12ರ ಹತ್ತಿರ ಕೊಡುತ್ತದೆ. ತಿಂಗಳಿಗೆ 500 ಕಿಲೋಮೀಟರ್ ಓಡಿಸಿದರೆ ಒಂದಕ್ಕೆ 33 ಲೀಟರ್, ಇನ್ನೊಂದಕ್ಕೆ 42 ಲೀಟರ್ ಬೇಕು. ಲೀಟರ್‌ಗೆ ನೂರು ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಎಂಟು, ಒಂಬತ್ತು ನೂರರ ವ್ಯತ್ಯಾಸ.

ಹೆಚ್ಚಿನವರು ಗಮನಿಸದ ಇನ್ನೊಂದು ಲೆಕ್ಕ ಇನ್ಶೂರೆನ್ಸ್‌ನದು. ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಂತನ್ನು ಎಂಜಿನ್ ಸಿಸಿ ನೋಡಿ ನಿಗದಿ ಮಾಡುತ್ತಾರೆ. 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, ತೆರಿಗೆ ಬೇರೆ. ಸ್ಯಾಂಟ್ರೊ ಬರೀ 86 ಸಿಸಿ ಮೀರಿದ್ದಕ್ಕೆ ಮೇಲಿನ ದರಕ್ಕೆ ಹೋಗುತ್ತದೆ. ಹಳೇ 999 ಸಿಸಿ ಸ್ಯಾಂಟ್ರೊ ಸಿಕ್ಕರೆ ಕೆಳಗಿನ ದರವೇ. ಆರ್‌ಸಿಯಲ್ಲಿ ಸಿಸಿ ಎಷ್ಟು ಬರೆದಿದೆ ನೋಡಿ.

ಟೈರ್ ಕೂಡ 800ಕ್ಕೇ ಅಗ್ಗ.

ಕಾಗದ ಪತ್ರ

ಖಾಸಗಿ ಕಾರಿನ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ ಕಟ್ಟಬೇಕು. 2022ರ ಏಪ್ರಿಲ್‌ನಿಂದ ಕೇಂದ್ರದ ನಿಯಮದಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಎಪ್ಪತ್ತು ಸಾವಿರದ ಗಾಡಿಗೆ ಇದು ದೊಡ್ಡ ಮೊತ್ತ. ದೆಹಲಿಯ ಹಾಗೆ 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದು ಎಂಬ ನಿಯಮ ನಮ್ಮಲ್ಲಿಲ್ಲ, ಆ ಹೆದರಿಕೆ ಬೇಡ.

ಇಲ್ಲೊಂದು ಅನುಕೂಲ ನಮ್ಮ ಭಾಗಕ್ಕಿದೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ಹೊಗೆ ನಿಯಮ ಬಿಗಿಯಾಗಿ 800 ಮಾರಾಟ ನಿಂತಿತು. ಉಳಿದ ಊರುಗಳಲ್ಲಿ ಮುಂದುವರಿಯಿತು, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಾಗಾಗಿ ಕಲಬುರಗಿ, ಯಾದಗಿರಿ, ಬೀದರ್ ನೋಂದಣಿಯ ಕೆಎ 32, 33, 38 ಪಾಸಿಂಗ್‌ನಲ್ಲಿ 2011, 2012ರ 800 ಹುಡುಕಿದರೆ ಸಿಕ್ಕೀತು. ಸ್ಯಾಂಟ್ರೊ ಕೂಡ 2014ರವರೆಗೆ ತಯಾರಾಯಿತು. 2012ರ ಕಾರಿನ ಆರ್‌ಸಿ 2027ರವರೆಗೆ ನಡೆಯುತ್ತದೆ. ಹತ್ತು ಸಾವಿರ ಜಾಸ್ತಿ ಕೊಟ್ಟರೂ ಅಂಥದ್ದೇ ಒಳ್ಳೆಯದು.

ಹೈದರಾಬಾದ್ ಗಾಡಿಯ ಆಸೆ ನಮ್ಮಲ್ಲಿ ಜಾಸ್ತಿ. ಅಲ್ಲಿ ಅಗ್ಗಕ್ಕೆ ಸಿಗುತ್ತದೆ, ನೋಡಲೂ ಚೆನ್ನಾಗಿರುತ್ತದೆ, ಖರೆ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ತರಬೇಕು, ಇಲ್ಲಿ ಗಾಡಿ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು, ಓಡಾಟದ ಖರ್ಚು ಬೇರೆ. ಮೊದಲು ಇಲ್ಲಿನ ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆ ಕೇಳಿ, ಅದನ್ನು ಬೆಲೆಗೆ ಸೇರಿಸಿ ನೋಡಿ. ಬಹಳ ಸಲ ಇಲ್ಲಿನ ಪಾಸಿಂಗ್ ಗಾಡಿಯೇ ಕಡಿಮೆಗೆ ಬೀಳುತ್ತದೆ. ಸೊಲ್ಲಾಪುರದ ಗಾಡಿಗೂ ಇದೇ ಲೆಕ್ಕ.

ಯಾರಿಗೆ ಯಾವುದು

ಸ್ಕೂಟರ್ ಬಿಟ್ಟು ಮೊದಲ ಸಲ ಕಾರಿಗೆ ಬರುವವರು, ಡ್ರೈವಿಂಗ್ ಕಲಿಯುವವರು, ಗಂಡ ಹೆಂಡತಿ ಒಂದು ಮಗು ಇರುವ ಮನೆಯವರು, ತಾಲ್ಲೂಕಿನಲ್ಲೋ ಹಳ್ಳಿಯಲ್ಲೋ ಇರುವವರು ಎಂಪಿಎಫ್‌ಐ 800 ತಗೊಳ್ಳಿ. ಎಸಿ ಇರುವುದನ್ನೇ ಹುಡುಕಿ. ಎಸಿ ಇಲ್ಲದ್ದಕ್ಕೆ ಆಮೇಲೆ ಹಾಕಿಸಿದರಾಯಿತು ಅಂದುಕೊಂಡರೆ ಖರ್ಚು ಕೈ ಮೀರುತ್ತದೆ.

ಹಿರಿಯರಿರುವ ಮನೆ, ಐದು ಜನ ಒಟ್ಟಿಗೆ ಹೊರಡುವ ಮನೆ, ತಿಂಗಳಿಗೊಮ್ಮೆ ಬೀದರ್‌ಗೋ ಯಾದಗಿರಿಗೋ ಹೋಗಿ ಬರುವವರು ಸ್ಯಾಂಟ್ರೊ ನೋಡಿ. ಆದರೆ ಕೈಯಲ್ಲಿರುವ ಪೂರ್ತಿ ದುಡ್ಡು ಗಾಡಿಗೇ ಸುರಿಯಬೇಡಿ. ಒಂದು ಲಕ್ಷ ಇದ್ದರೆ ಎಪ್ಪತ್ತೈದಕ್ಕೆ ಗಾಡಿ ನೋಡಿ. ಉಳಿದ ಇಪ್ಪತ್ತೈದು ಸಾವಿರ ಬೆಲ್ಟ್, ಬುಶ್, ಟೈರ್, ಎಸಿ ಗ್ಯಾಸ್ ಅಂತ ಮೊದಲ ಆರು ತಿಂಗಳಲ್ಲಿ ಕೇಳೇ ಕೇಳುತ್ತದೆ. ಆ ಉಳಿಕೆ ಇಟ್ಟುಕೊಳ್ಳಲು ಆಗದಿದ್ದರೆ 800ಕ್ಕೆ ಇಳಿಯುವುದೇ ಜಾಣತನ.

ಕಾರ್ಬುರೇಟರ್ 800 ದಿನಬಳಕೆಗೆ ಬೇಡ. ಅಪ್ಪ ಕೊಂಡ ಗಾಡಿ, ಮನೆಯಲ್ಲೇ ಇದೆ, ಬಿಡಲು ಮನಸ್ಸಿಲ್ಲ ಅಂದರೆ ಖಂಡಿತ ಉಳಿಸಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಚಾಲೂ ಮಾಡಿ ಊರು ಸುತ್ತಿ ಬನ್ನಿ. ಹೊಸದಾಗಿ ದುಡ್ಡು ಕೊಟ್ಟು ತರುವ ಗಾಡಿ ಅದಲ್ಲ.

ನೋಡಲು ಹೋಗುವಾಗ ಬೆಳಿಗ್ಗೆ ಹೋಗಿ. ನಾವು ಬರುವ ಮೊದಲು ಚಾಲೂ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಬಾನೆಟ್ ಮೇಲೆ ಕೈ ಇಟ್ಟಾಗ ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಿ. ತಣ್ಣಗಿನ ಎಂಜಿನ್ ಚಾಲೂ ಆದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ತನ್ನ ಆಯಿಲನ್ನೇ ಸುಡುತ್ತಿದೆ ಎಂದರ್ಥ. 800 ಆದರೆ ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿ ತಗಡನ್ನು ಬೆರಳಿನಿಂದ ಒತ್ತಿ ನೋಡಿ. ಮಳೆ ನೀರು ಇಳಿದು ತುಕ್ಕು ಹಿಡಿಯುವುದು ಅಲ್ಲೇ, ಮೇಲೆ ಹೊಸ ಮ್ಯಾಟ್ ಹಾಸಿ ಮುಚ್ಚಿರುತ್ತಾರೆ. ಒತ್ತಿದಾಗ ತಗಡು ಹಪ್ಪಳದ ಹಾಗೆ ಸದ್ದು ಮಾಡಿದರೆ ವಾಪಸ್ ಬನ್ನಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಮುಂದೆ ಬಿಟ್ಟಾಗ ಕಟ ಕಟ ಅಂದರೆ ಚಕ್ರ ತಿರುಗಿಸುವ ಆಕ್ಸಲ್ ಜಾಯಿಂಟ್ ಹೋಗಿದೆ. ಸ್ಯಾಂಟ್ರೊ ಆದರೆ ಎಸಿ ಹಾಕಿ, ಹೆಡ್‌ಲೈಟ್ ಹಾಕಿ, ಹತ್ತು ನಿಮಿಷ ನಿಂತಲ್ಲೇ ಓಡಲು ಬಿಡಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು, ಎಂಜಿನ್ ಸದ್ದು ಏರಿಳಿಯಬಾರದು, ಹೀಟ್ ಮುಳ್ಳು ನಡುವೆಯೇ ನಿಲ್ಲಬೇಕು. ಇಷ್ಟು ನೋಡಿದ ಮೇಲೆ, ನಿಮ್ಮ ಮಿಸ್ತ್ರಿಗೂ ಒಮ್ಮೆ ತೋರಿಸಿ, ಆರ್‌ಸಿಯ ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆ ಆಯಿತಾ, ಸಾಲ ಬಾಕಿ ಇಲ್ಲವಾ ನೋಡಿಕೊಂಡು ಆಮೇಲೆ ಟೋಕನ್ ಹಣ ಕೊಡಿ.